ಸೋರದ ನೀರಿನ ಡಬ್ಬಿ

ಹಿತ್ತಲಲ್ಲಿ ನಾಲ್ಕು ಕೋಳಿ ಇದ್ದರೆ ಅದೇ ನಮ್ಮ ಕೈಕಾಸು. ಮೊಟ್ಟೆ ಮಾರಿದ ದುಡ್ಡಿಗೆ ಯಾರ ಮುಂದೂ ಕೈ ಚಾಚಬೇಕಿಲ್ಲ. ಆದರೆ ಚಳಿಗಾಲ ಬಂತು ಅಂದರೆ ಚಿಂತೆ. ಮರಿಗಳು ಮುದುರಿ ಕೂರುತ್ತವೆ. ಕೆಲವು ಸಾಯುತ್ತವೆ.

ಹಿಮ ಬೀಳುವ ದೇಶಗಳಲ್ಲಿ ಕೋಳಿಗೆ ಇಟ್ಟ ನೀರೇ ಗಡ್ಡೆ ಕಟ್ಟುತ್ತದೆ. ನಮ್ಮ ಬೀದರಿನಲ್ಲಿ, ಕೊಡಗಿನಲ್ಲಿ ಚಳಿ ಜೋರು. ಆದರೂ ನೀರು ಗಡ್ಡೆ ಕಟ್ಟಲ್ಲ. ನಮ್ಮಲ್ಲಿ ತೊಂದರೆ ಬೇರೆ. ಅದು ಒದ್ದೆಯ ತೊಂದರೆ.

ನಾವು ಅಗಲ ಬಾಯಿಯ ಪಾತ್ರೆಯಲ್ಲಿ ನೀರಿಡುತ್ತೇವೆ. ಕೋಳಿ ಅದರಲ್ಲಿ ಕಾಲಿಡುತ್ತದೆ. ನೀರು ಚೆಲ್ಲುತ್ತದೆ. ಗೂಡಿನ ಹೊಟ್ಟು ನೆನೆಯುತ್ತದೆ. ಚಳಿಗೆ ಅದು ಬೇಗ ಒಣಗಲ್ಲ. ಒದ್ದೆ ಹೊಟ್ಟಿನಲ್ಲಿ ರಕ್ತಭೇದಿ ರೋಗ ಬೇಗ ಹರಡುತ್ತದೆ. ಹಿಕ್ಕೆಯ ಘಾಟು ಏಳುತ್ತದೆ. ನೆನೆದ ಮರಿ ನಡುಗಿ ಸಾಯುತ್ತದೆ.

ಹಾಗಂತ ನೀರು ಕಡಿಮೆ ಮಾಡಬಾರದು. ಮೊಟ್ಟೆಯಲ್ಲಿ ಮುಕ್ಕಾಲು ಪಾಲು ನೀರೇ. ನೀರಿಲ್ಲದಿದ್ದರೆ ಮೊಟ್ಟೆಯೂ ಇಲ್ಲ. ಹಾಗಾದರೆ ಏನು ಮಾಡೋಣ? ಸೋರದ ಡಬ್ಬಿ ಮಾಡೋಣ.

ಏನೇನು ಬೇಕು?

5 ಲೀಟರಿನ ಖಾಲಿ ಅಡುಗೆ ಎಣ್ಣೆ ಡಬ್ಬಿ. ಅದರ ಮುಚ್ಚಳ ಬಿಗಿಯಾಗಿರಬೇಕು. 2 ಅಂಗುಲ ಅಂಚಿರುವ ಒಂದು ತಟ್ಟೆ. ಒಂದು ಮೊಳೆ. ಎರಡು ಇಟ್ಟಿಗೆ. ಅಷ್ಟೇ.

ಒಂದು ಮಾತು ನೆನಪಿಡಿ. ಹೊಲಕ್ಕೆ ಹೊಡೆಯುವ ಔಷಧಿಯ ಡಬ್ಬಿ ಬೇಡವೇ ಬೇಡ. ಎಷ್ಟು ತೊಳೆದರೂ ಅದರ ವಿಷ ಹೋಗಲ್ಲ.

ಹೇಗೆ ಮಾಡೋದು?

1. ಡಬ್ಬಿಯನ್ನು ಚೆನ್ನಾಗಿ ತೊಳೆಯಿರಿ. ಎಣ್ಣೆ ಜಿಡ್ಡು ಹೋಗಲಿ.

2. ಮೊಳೆಯನ್ನು ಇಕ್ಕಳದಲ್ಲಿ ಹಿಡಿದು ಕಾಯಿಸಿ. ಡಬ್ಬಿಯ ತಳದಿಂದ 1 ಅಂಗುಲ ಮೇಲೆ ಒಂದು ತೂತು ಮಾಡಿ. ತೂತು ಪೆನ್ಸಿಲಿನಷ್ಟು ದಪ್ಪ ಇರಲಿ. ತೂತು ತಟ್ಟೆಯ ಅಂಚಿಗಿಂತ ಕೆಳಗೇ ಇರಬೇಕು. ಇದು ಮುಖ್ಯ.

3. ತೂತಿಗೆ ಬೆರಳು ಒತ್ತಿ ನೀರು ತುಂಬಿ. ಮುಚ್ಚಳ ಬಿಗಿ ಮಾಡಿ.

4. ಡಬ್ಬಿಯನ್ನು ತಟ್ಟೆಯ ನಡುವೆ ಇಡಿ. ಈಗ ಬೆರಳು ತೆಗೆಯಿರಿ.

ನೀರು ತಟ್ಟೆಗೆ ಬರುತ್ತದೆ. ತೂತು ಮುಳುಗಿದ ಕೂಡಲೇ ನಿಲ್ಲುತ್ತದೆ. ಕೋಳಿ ಕುಡಿದಷ್ಟೇ ಮತ್ತೆ ಬರುತ್ತದೆ.

ಇದು ಹೇಗೆ?

ಪಪ್ಪಾಯಿ ಎಲೆಯ ದಂಟನ್ನು ನೀರಲ್ಲಿ ಅದ್ದಿ. ಮೇಲಿನ ಬಾಯಿಗೆ ಹೆಬ್ಬೆರಳು ಒತ್ತಿ ಎತ್ತಿ. ನೀರು ಬೀಳಲ್ಲ. ಬೆರಳು ತೆಗೆದರೆ ಸುರಿಯುತ್ತದೆ. ನೀರು ಹೊರಗೆ ಬರಬೇಕಾದರೆ ಗಾಳಿ ಒಳಗೆ ಹೋಗಬೇಕು. ನಮ್ಮ ಡಬ್ಬಿಯಲ್ಲೂ ಅಷ್ಟೇ. ತೂತು ಮುಳುಗಿದರೆ ಗಾಳಿಗೆ ದಾರಿ ಇಲ್ಲ.

ಆದರೂ ಸೋರಿದರೆ?

ಮುಚ್ಚಳ ಸಡಿಲ ಇರಬಹುದು. ಡಬ್ಬಿ ಬಿರುಕು ಬಿಟ್ಟಿರಬಹುದು. ತಟ್ಟೆ ಓರೆ ಇರಬಹುದು. ಇನ್ನೊಂದು ಕಾರಣ ಬಿಸಿಲು. ಬಿಸಿಲು ತಾಗಿದರೆ ಡಬ್ಬಿಯೊಳಗಿನ ಗಾಳಿ ಹಿಗ್ಗುತ್ತದೆ. ನೀರನ್ನು ಹೊರಗೆ ದೂಡುತ್ತದೆ. ಅದಕ್ಕೇ ಡಬ್ಬಿ ನೆರಳಲ್ಲಿ ಇರಲಿ. ಮೊದಲು ಅಂಗಳದಲ್ಲಿ ಒಂದು ಗಂಟೆ ಇಟ್ಟು ನೋಡಿ. ಸೋರದಿದ್ದರೆ ಗೂಡಿಗೆ ಇಡಿ.

ತಟ್ಟೆಯನ್ನು ಇಟ್ಟಿಗೆಯ ಮೇಲೆ ಇಡಿ. ಅದು ಕೋಳಿಯ ಬೆನ್ನಿನ ಎತ್ತರಕ್ಕೆ ಇದ್ದರೆ ಕಾಲಿಡಲ್ಲ, ಕಸ ಬೀಳಲ್ಲ. ಮರಿಗಳಿಗೆ ಬೇರೆ ತಟ್ಟೆ ತಗ್ಗಿನಲ್ಲಿ ಇಡಿ. ಅದರಲ್ಲಿ ಸಣ್ಣ ಕಲ್ಲು ಹಾಕಿ. ಮರಿ ಮುಳುಗಲ್ಲ. ದಿನಾ ಹಳೇ ನೀರು ಚೆಲ್ಲಿ, ತಟ್ಟೆ ಉಜ್ಜಿ ತೊಳೆಯಿರಿ.

ಒಣ ಗೂಡು ಇದ್ದರೆ ಅರ್ಧ ಕಾಯಿಲೆ ದೂರ. ಆದರೆ ಕೊಕ್ಕರೆ ರೋಗ ಇದರಿಂದ ನಿಲ್ಲಲ್ಲ. ಅದಕ್ಕೆ ಲಸಿಕೆಯೇ ಬೇಕು. ಪಶು ಆಸ್ಪತ್ರೆಯಲ್ಲಿ ಕೇಳಿ ಹಾಕಿಸೋಣ.

ಈಗ ಒಂದು ಲೆಕ್ಕ. ಒಂದು ದೊಡ್ಡ ಕೋಳಿ ದಿನಕ್ಕೆ ಸುಮಾರು ಕಾಲು ಲೀಟರ್ ನೀರು ಕುಡಿಯುತ್ತದೆ. ನಿಮ್ಮ ಮನೆಯಲ್ಲಿ 8 ಕೋಳಿ ಇದ್ದರೆ ಎಷ್ಟು ಲೀಟರ್ ಬೇಕು? ಬರೆದು ನೋಡಿ. ಪಕ್ಕದ ಮನೆ ಅಕ್ಕನಿಗೂ ಓದಿ ಹೇಳಿ.