ಗುತ್ತಿಗೆಯ ಗಣಕ ದುಡಿಮೆಯೂ ದೇಹಾರೋಗ್ಯವೂ

ಬಂದರಿನ ಮಗ್ಗುಲಲ್ಲಿ ಬೆಳೆದ ವಡಾಲಕ್ಕೆ ಗುತ್ತಿಗೆಯೆಂಬ ಪದ ಅಪರಿಚಿತವಲ್ಲ. ಹಗಲು ಹೋಟೆಲುಗಳಲ್ಲಿ ದುಡಿದು ರಾತ್ರಿಶಾಲೆಗಳಲ್ಲಿ ಕಲಿತ ಮುಂಬಯಿ ಕನ್ನಡಿಗರ ಮೊಮ್ಮಕ್ಕಳಲ್ಲಿ ಅನೇಕರು ಇಂದು ಗಣಕಯಂತ್ರಗಳಿಗೆ ತಂತ್ರಾಂಶ ರಚಿಸುವ ವೃತ್ತಿಯಲ್ಲಿದ್ದಾರೆ. ಅವರಲ್ಲಿ ಕೆಲವರು ಮಾಡುವುದು ಸರಕಾರದ ಕೆಲಸ. ಆದರೆ ಅದು ಸರಕಾರಿ ನೌಕರಿಯಲ್ಲ.

ಸರಕಾರವು ತನ್ನ ಬೃಹತ್ ಗಣಕ ಕಾರ್ಯಗಳನ್ನು ಟೆಂಡರಿನ ಮೂಲಕ ಹೊರಗಿನ ಸಂಸ್ಥೆಗಳಿಗೆ ವಹಿಸುತ್ತದೆ. ಪಾಸ್‌ಪೋರ್ಟ್ ಸೇವಾ ಯೋಜನೆ 2008ರಲ್ಲಿ ಟಿ.ಸಿ.ಎಸ್. ಸಂಸ್ಥೆಗೂ, ಜಿ.ಎಸ್.ಟಿ. ಜಾಲದ ಕಾರ್ಯ 2015ರಲ್ಲಿ ಇನ್ಫೋಸಿಸ್ ಸಂಸ್ಥೆಗೂ ದೊರೆತವು. ಸಣ್ಣಪುಟ್ಟ ಇಲಾಖಾ ಯೋಜನೆಗಳಲ್ಲಿ ಗುತ್ತಿಗೆ ಹಿಡಿದವರು ಮತ್ತೊಬ್ಬರಿಂದ ಆಳುಗಳನ್ನು ಪಡೆಯುವುದೂ ಉಂಟು. ಆಗ ಕುಳಿತುಕೊಳ್ಳುವ ಕುರ್ಚಿ ಇಲಾಖೆಯದು, ಅಪ್ಪಣೆ ಗುತ್ತಿಗೆದಾರನದು, ಸಂಬಳ ಮೂರನೆಯವರದು. ಇಷ್ಟು ಆಳು, ಇಷ್ಟು ತಿಂಗಳು ಎಂದು ದುಡಿಮೆಯ ಲೆಕ್ಕ.

ಸರಕಾರಿ ಯೋಜನೆಗೆ ಗಡುವು ಕಠಿಣ. ಜಿ.ಎಸ್.ಟಿ. 2017ರ ಜುಲೈ 1ರಂದು ಜಾರಿಗೆ ಬಂದಿತು. ಇಂಥ ದಿನಾಂಕ ಒಮ್ಮೆ ಘೋಷಿತವಾದರೆ ತಂತ್ರಾಂಶವೂ ಅಂದಿಗೆ ಸಿದ್ಧವಿರಲೇಬೇಕು. ಗಡುವು ಸಮೀಪಿಸಿದಂತೆ ನಿದ್ರೆ ಕುಗ್ಗುತ್ತದೆ, ಊಟದ ಹೊತ್ತು ತಪ್ಪುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಹಾಗೂ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಗಳು 2021ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ವಾರಕ್ಕೆ 35ರಿಂದ 40 ಗಂಟೆ ದುಡಿಯುವವರಿಗಿಂತ 55 ಗಂಟೆ ಅಥವಾ ಹೆಚ್ಚು ದುಡಿಯುವವರಲ್ಲಿ ಪಾರ್ಶ್ವವಾಯುವಿನ ಸಂಭವ ಶೇಕಡಾ 35ರಷ್ಟು, ಹೃದ್ರೋಗದಿಂದ ಮರಣದ ಸಂಭವ ಶೇಕಡಾ 17ರಷ್ಟು ಅಧಿಕ.

ಯೋಜನೆ ಮುಗಿದ ದಿನ ಗುತ್ತಿಗೆಯೂ ಮುಗಿಯುತ್ತದೆ; ಏರಿದ ರಕ್ತದೊತ್ತಡ ಮಾತ್ರ ಜೊತೆಯಲ್ಲೇ ಮನೆಗೆ ಬರುತ್ತದೆ. ಕೆಲಸದೊಡನೆ ದೊರೆತ ಸಾಮೂಹಿಕ ವಿಮೆ ಸಾಮಾನ್ಯವಾಗಿ ಕೆಲಸದೊಡನೆಯೇ ಹೋಗುತ್ತದೆ. 2017ರಿಂದ ಇ.ಎಸ್.ಐ.ಗೆ ತಿಂಗಳಿಗೆ 21,000 ರೂಪಾಯಿ ವೇತನದ ಮಿತಿಯಿದ್ದುದರಿಂದ ಅದಕ್ಕಿಂತ ಹೆಚ್ಚು ಗಳಿಸುವವರಿಗೆ ಆ ಆಸರೆಯೂ ಇಲ್ಲದಂತಾಯಿತು. ಆದುದರಿಂದ ಗುತ್ತಿಗೆಯ ದುಡಿಮೆಗಾರನು ಆರೋಗ್ಯವಾಗಿರುವಾಗಲೇ ಕುಟುಂಬಕ್ಕೆ ಸ್ವಂತ ವಿಮೆ ಮಾಡಿಸುವುದು ವಿವೇಕ. ರೋಗ ಬಂದ ಮೇಲೆ ವಿಮೆಗೆ ಹೋದರೆ ಆ ರೋಗದ ಚಿಕಿತ್ಸಾವೆಚ್ಚ ದೊರೆಯಲು ಮೂರು ವರ್ಷಗಳವರೆಗೂ ಕಾಯಬೇಕಾದೀತು.

ನಿತ್ಯದ ನಿಯಮಗಳೂ ಸರಳ. ಇಪ್ಪತ್ತು ನಿಮಿಷಗಳಿಗೊಮ್ಮೆ ಇಪ್ಪತ್ತು ಅಡಿ ದೂರದ ವಸ್ತುವನ್ನು ಇಪ್ಪತ್ತು ಸೆಕೆಂಡು ನೋಡಿದರೆ ಕಣ್ಣಿಗೆ ವಿಶ್ರಾಂತಿ. ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ನಡೆಯುವುದು ಬೆನ್ನಿಗೆ ಹಿತ. ವರ್ಷಕ್ಕೊಮ್ಮೆ ರಕ್ತದೊತ್ತಡ, ಸಕ್ಕರೆಯ ಪರೀಕ್ಷೆ ಅವಶ್ಯ. ಹೊಸ ಕರಾರಿಗೆ ಸಹಿ ಹಾಕುವ ಮುನ್ನ ಸಂಬಳದ ಜೊತೆಗೆ ರಜೆ, ಭವಿಷ್ಯನಿಧಿ, ವಿಮೆಗಳ ವಿಚಾರವನ್ನೂ ಕೇಳಿ ತಿಳಿಯುವುದು ಸಂಕೋಚದ ಮಾತಲ್ಲ. ಅದು ಮನೆಮಂದಿಯ ಬಗೆಗಿನ ಕರ್ತವ್ಯ.