ನಗರನಾಮದಿಂದ ಸ್ತ್ರೀನಾಮ

ಸ್ಥಳನಾಮವು ವ್ಯಕ್ತಿನಾಮವಾದಾಗ ಅದರ ಅರ್ಥವು ಹೇಗೆ ಮಾರ್ಪಡುವುದೆಂಬುದಕ್ಕೆ ಒಂದೇ ಮನೆಯ ಎರಡು ಹೆಸರುಗಳನ್ನು ನಾವಿಲ್ಲಿ ಪರಿಶೀಲಿಸುತ್ತೇವೆ. ಇಟಲಿಯಲ್ಲಿ ಪ್ರವಾಸದಲ್ಲಿದ್ದ ನೈಟಿಂಗೇಲ್ ಎಂಬ ಆಂಗ್ಲ ದಂಪತಿಗಳಿಗೆ 1819ರಲ್ಲಿ ನೇಪಲ್ಸಿನಲ್ಲಿ ಹಿರಿಯ ಮಗಳೂ 1820ರಲ್ಲಿ ಫ್ಲಾರೆನ್ಸಿನಲ್ಲಿ ಕಿರಿಯ ಮಗಳೂ ಜನಿಸಿದರು. ಕಿರಿಯಳಿಗೆ ಹುಟ್ಟಿದ ನಗರದ ಹೆಸರನ್ನೇ ಇಟ್ಟರು. ಹಿರಿಯಳಿಗೆ ಫ್ರಾನ್ಸೆಸ್ ಎಂಬುದರೊಡನೆ, ನೇಪಲ್ಸಿನ ಪ್ರಾಚೀನ ಗ್ರೀಕ್ ನಾಮವಾದ ಪಾರ್ಥೆನೋಪೆ ಎಂಬುದನ್ನು ಸೇರಿಸಿದರು. ಇದು ಮೂಲತಃ ಗ್ರೀಕ್ ಪುರಾಣದ ಸೈರನ್ ಎಂಬ ಗಾಯನಮೋಹಿನಿಯರಲ್ಲಿ ಒಬ್ಬಳ ಹೆಸರು. ಅವಳ ದೇಹವು ಆ ಕಡಲತಡಿಗೆ ತೇಲಿಬಂದಿತೆಂದು ಐತಿಹ್ಯ.

ಆ ಕಾಲದ ಇಂಗ್ಲೆಂಡಿನಲ್ಲಿ ಫ್ಲಾರೆನ್ಸ್ ಎಂಬುದೂ ಹೆಣ್ಣುಮಕ್ಕಳಿಗೆ ವಿರಳವಾದ ಹೆಸರೇ ಆಗಿದ್ದಿತು. ಆದರೆ 1854ರಲ್ಲಿ ಕ್ರಿಮಿಯ ಯುದ್ಧದ ಗಾಯಾಳುಗಳ ಶುಶ್ರೂಷೆಗಾಗಿ ಸ್ಕುಟಾರಿಗೆ ತೆರಳಿದ ಫ್ಲಾರೆನ್ಸ್ ನೈಟಿಂಗೇಲಳ ಕೀರ್ತಿ ಹಬ್ಬಿದಂತೆ ಆ ಹೆಸರೂ ಹಬ್ಬಿತು. ಬಳಿಕ ಅದನ್ನಿಟ್ಟ ಎಷ್ಟೋ ತಾಯ್ತಂದೆಯರ ಮನಸ್ಸಿನಲ್ಲಿದ್ದವಳು ಆ ಶುಶ್ರೂಷಕಿ, ನಗರವು ಮರೆಯಾಯಿತು. ಪಾರ್ಥೆನೋಪೆಯಾದರೋ 1858ರಲ್ಲಿ ವರ್ನಿ ಮನೆತನದ ಸೊಸೆಯಾಗಿ ಕಾದಂಬರಿಗಳನ್ನು ಬರೆದಳಾದರೂ ಅವಳ ಹೆಸರು ವಿರಳವಾಗಿಯೇ ಉಳಿಯಿತು.

ಎರಡು ಹೆಸರುಗಳ ಹುಟ್ಟಿನ ರೀತಿ ಒಂದೇ. ಬಾಳಿದ ರೀತಿ ಬೇರೆ. ಆದುದರಿಂದ ವ್ಯುತ್ಪತ್ತಿಯು ಹೆಸರಿನ ಮೂಲವನ್ನು ತಿಳಿಸಬಲ್ಲುದೇ ಹೊರತು, ಅದನ್ನು ಇಟ್ಟವರ ಆಶಯವನ್ನು ತಿಳಿಸಲಾರದು. ನಾಮಾಧ್ಯಯನದಲ್ಲಿ ಇವೆರಡನ್ನೂ ನಾವು ಬೇರೆಬೇರೆಯಾಗಿಯೇ ವಿವೇಚಿಸಬೇಕು.