ಬಾದಾಮಿ ಗೆದ್ದರೂ ಕೂಡಿಬಾರದ ಮೈತ್ರಿ

ಬಾದಾಮಿ: ಗುಹಾಲಯಗಳನ್ನು ಕಂಡು, ಅಗಸ್ತ್ಯ ತೀರ್ಥದ ದಂಡೆಯಲ್ಲಿ ಕೆಲ ಹೊತ್ತು ಕುಳಿತು ಮರಳುವ ಪ್ರವಾಸಿಗರು ಬೆಟ್ಟದ ಮೇಲಿನ ಎರಡು ಕೋಟೆಗಳತ್ತ ಗಮನ ಹರಿಸುವುದು ಅಪರೂಪ. ಉತ್ತರಕ್ಕೆ ಬಾವನಬಂಡೆ ಕೋಟೆ, ದಕ್ಷಿಣಕ್ಕೆ ರಣಮಂಡಲ ಕೋಟೆ. 1786ರ ಮೇ ತಿಂಗಳಿನಲ್ಲಿ ಪುಣೆಯ ಪೇಶ್ವೆ ಹಾಗೂ ಹೈದರಾಬಾದಿನ ನಿಜಾಮನ ಸೈನ್ಯಗಳು ಜಂಟಿಯಾಗಿ ಇವನ್ನು ಟಿಪ್ಪು ಸುಲ್ತಾನನ ಕಾವಲು ಪಡೆಯಿಂದ ಕಿತ್ತುಕೊಂಡವು. ಆ ಜಯದ ಬೆನ್ನಿಗೇ ಮೈತ್ರಿಕೂಟ ಸಡಿಲಗೊಳ್ಳತೊಡಗಿದ್ದು ಈ ದಂಡಯಾತ್ರೆಯ ವಿಚಿತ್ರ.

ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಿನ ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ ಸೀಮೆ ಮರಾಠರಿಗೂ ಮೈಸೂರಿಗೂ ನಡುವಣ ವ್ಯಾಜ್ಯದ ನೆಲವಾಗಿತ್ತು. ಪೇಶ್ವೆ ಮನೆತನದ ಒಳಜಗಳದ ಲಾಭ ಪಡೆದ ಹೈದರಾಲಿ 1778ರ ವೇಳೆಗೆ ಕೃಷ್ಣೆಯವರೆಗೆ ತನ್ನ ಗಡಿ ಚಾಚಿದ್ದ. 1785ರಲ್ಲಿ ಟಿಪ್ಪು ನರಗುಂದವನ್ನು ವಶಪಡಿಸಿಕೊಂಡು, ದೇಸಾಯಿ ವೆಂಕಟರಾವ್ ಭಾವೆಯವರನ್ನು ಸೆರೆಯಲ್ಲಿಟ್ಟಾಗ ಪುಣೆಯ ನಾನಾ ಫಡ್ನವೀಸ್ ಯುದ್ಧಕ್ಕೆ ಸಿದ್ಧನಾದ. ಯಾದಗಿರಿಯಲ್ಲಿ ನಿಜಾಮ್ ಅಲಿಯೊಂದಿಗೆ ಮಾತುಕತೆ ನಡೆಯಿತು. ಗೆಲ್ಲುವ ರಾಜ್ಯವನ್ನು ಆರು ಪಾಲು ಮಾಡಿ ನಿಜಾಮನಿಗೆ ಎರಡು, ಪೇಶ್ವೆಗೆ ಎರಡು, ಸಿಂಧಿಯಾ ಮತ್ತು ಹೋಳ್ಕರರಿಗೆ ಒಂದೊಂದು ಎಂದು ಒಪ್ಪಂದವಾಯಿತು. ಆದರೆ ಮೊದಲ ದಾಳಿ ಮರಾಠರು ಕಳೆದುಕೊಂಡಿದ್ದ ಸೀಮೆಯ ಮೇಲೆಯೇ ನಡೆಯಬೇಕೆಂದು ತೀರ್ಮಾನವಾಯಿತು. ಲೆಕ್ಕ ತಪ್ಪಿದ್ದು ಇಲ್ಲಿಯೇ ಎನ್ನಬೇಕು. ಬಾದಾಮಿಗಾಗಿ ರಕ್ತ ಹರಿಸುವಷ್ಟು ಕಾರಣ ನಿಜಾಮನಿಗಿರಲಿಲ್ಲ.

ಮುತ್ತಿಗೆ ಆರಂಭವಾದದ್ದು ಮೇ 1ರಂದು. ಸುಮಾರು ಮೂರು ವಾರ ಫಿರಂಗಿ ಹಾರಿಸಿದರೂ ಗೋಡೆ ಬಿರುಕು ಬಿಡಲಿಲ್ಲ. ಕೊನೆಗೆ ಮೇ 20ರಂದು 20 ಸಾವಿರ ಕಾಲಾಳುಗಳು ಏಣಿ ಹಾಕಿ ಗೋಡೆ ಹತ್ತಲು ಮುಂದಾದರು. ಒಳಗಿದ್ದವರು ಸುಮಾರು 3,500 ಮಂದಿ. ಕಂದಕದ ಸುತ್ತ ಅವರು ಹೂತಿಟ್ಟಿದ್ದ ಮದ್ದು ಸ್ಫೋಟಿಸಿತಾದರೂ ಮರಾಠರು, ಮೊಗಲರು ಎಂಬ ಭೇದವಿಲ್ಲದೆ ದಾಳಿಕಾರರು ಒಳನುಗ್ಗಿ ಪಟ್ಟಣ ಹಿಡಿದರು. ಕಾವಲು ಪಡೆ ಬೆಟ್ಟದ ಕೋಟೆಗಳಿಗೆ ಏರಿ, ಮೇಲಿನಿಂದ ಬಂಡೆಗಳನ್ನು ಉರುಳಿಸಿ, ಗುಂಡಿನ ಮಳೆಗರೆದು ಬೆನ್ನಟ್ಟಿದವರನ್ನು ತಡೆಯಿತು. ಮರುದಿನ ಜೀವದಾನದ ಭರವಸೆ ಪಡೆದು ಶರಣಾಯಿತು.

ಈ ಹೊತ್ತಿಗೆ ನಿಜಾಮ್ ಅಲಿ ಯುದ್ಧರಂಗದಲ್ಲಿರಲಿಲ್ಲ. 25 ಸಾವಿರ ಸೈನ್ಯವನ್ನು ತಹವ್ವರ್ ಜಂಗನಿಗೆ ಒಪ್ಪಿಸಿ ಆತ ಹೈದರಾಬಾದಿಗೆ ಮರಳಿದ್ದ. ನಾಗಪುರದ ಮುಧೋಜಿ ಭೋಸಲೆ ಮಳೆಗಾಲ ಮುಗಿದ ಮೇಲೆ ಬರುವುದಾಗಿ ಹೇಳಿ ಊರಿಗೆ ಹೊರಟ. ಉಳಿದ ಭಾರವೆಲ್ಲ ಸೇನಾಪತಿ ಹರಿಪಂತ ಫಡ್ಕೆಯ ಹೆಗಲಿಗೆ ಬಿತ್ತು. ಹರಿಪಂತ ಗಜೇಂದ್ರಗಡದತ್ತ ನಡೆದರೆ, ತುಕೋಜಿ ಹೋಳ್ಕರನ ದಂಡು ಕಿತ್ತೂರಿನ ಕಡೆಗಿತ್ತು.

ಟಿಪ್ಪು ಬಾದಾಮಿಯ ನೆರವಿಗೆ ಬರಲಿಲ್ಲ. ಮೈತ್ರಿಯ ಹೊಲಿಗೆ ಎಲ್ಲಿ ಸಡಿಲವೆಂಬುದು ಆತನಿಗೆ ಗೊತ್ತಿತ್ತು. ತುಂಗಭದ್ರೆಯ ದಕ್ಷಿಣಕ್ಕೆ ನಿಜಾಮನ ಮುಖ್ಯ ಠಾಣೆಯಾಗಿದ್ದ ಆದವಾನಿಗೆ ಮುತ್ತಿಗೆ ಹಾಕಿದ. ನಿಜಾಮನ ಸೋದರನ ಮಗ ಮಹಾಬತ್ ಜಂಗ್‌ನ ಕುಟುಂಬ ಅಲ್ಲಿತ್ತು. ಹೈದರಾಬಾದಿನಿಂದ ಮೊಗಲ್ ಅಲಿ, ಹರಿಪಂತನ ಪಾಳೆಯದಿಂದ ಅಪ್ಪಾ ಬಳವಂತ ಧಾವಿಸಿ ಮುತ್ತಿಗೆಯನ್ನು ತೆರವುಗೊಳಿಸಿದರು. ಆದರೆ ಹೊಳೆ ಏರುವ ಕಾಲ. ಕೋಟೆಯಲ್ಲಿ ಉಳಿದು ಕಾಯಲು ಯಾರೂ ಮುಂದಾಗಲಿಲ್ಲ. ಕುಟುಂಬದವರನ್ನು ಕರೆದುಕೊಂಡು ಎರಡೂ ಸೈನ್ಯಗಳು ಉತ್ತರ ದಂಡೆಗೆ ದಾಟಿದವು. ಫಿರಂಗಿ, ದಾಸ್ತಾನು ಸಮೇತ ಕೋಟೆ ಟಿಪ್ಪುವಿನ ಕೈಗೆ ಬಿತ್ತು. ಆಗಸ್ಟ್‌ನಲ್ಲಿ ತುಂಬಿ ಹರಿಯುವ ತುಂಗಭದ್ರೆಯನ್ನು ತೆಪ್ಪ, ಹರಿಗೋಲುಗಳ ಮೇಲೆ ಆತ ದಾಟಿಬಂದಾಗ ಹರಿಪಂತ ದಂಗಾದ. ಸವಣೂರೂ ಟಿಪ್ಪುವಿನ ವಶವಾಯಿತು.

ಸಂಧಿಯ ಮಾತುಕತೆಯಲ್ಲೂ ಇದೇ ಒಡಕು. ಟಿಪ್ಪು ಸಂಧಾನಕ್ಕೆ ಹಿಡಿದದ್ದು ಹೋಳ್ಕರ್ ಮತ್ತು ರಾಸ್ತೆ ಮನೆತನದ ಸರದಾರರ ದಾರಿಯನ್ನು. 1787ರ ಏಪ್ರಿಲ್‌ನ ಗಜೇಂದ್ರಗಡ ಒಪ್ಪಂದದಂತೆ ಬಾದಾಮಿ, ನರಗುಂದ, ಕಿತ್ತೂರು ಮರಾಠರಿಗೆ ಸೇರಿದವು. ಬಾದಾಮಿಯ ಗೋಡೆ ಹತ್ತಿದ ಹೈದರಾಬಾದಿನವರ ಪಕ್ಷಕ್ಕೆ ಮರಳಿದ್ದು ತಾವೇ ಬಿಟ್ಟುಬಂದಿದ್ದ ಆದವಾನಿ ಮಾತ್ರ! ಆರು ಪಾಲಿನ ಮಾತನ್ನು ಯಾರೂ ಎತ್ತಲಿಲ್ಲ.

ನಾಲ್ಕು ವರ್ಷಗಳ ನಂತರ ಇಂಗ್ಲಿಷರೂ ಸೇರಿದ ಮೈತ್ರಿಯಲ್ಲಿ ಇನ್ನೂ ದೊಡ್ಡ ಎಡವಟ್ಟಾಯಿತು. 1791ರ ಮೇ ತಿಂಗಳಿನಲ್ಲಿ ಲಾರ್ಡ್ ಕಾರ್ನ್‌ವಾಲಿಸ್ ಶ್ರೀರಂಗಪಟ್ಟಣದ ಬಳಿ ಧಾನ್ಯವಿಲ್ಲದೆ, ಬಂಡಿ ಎಳೆಯುವ ಎತ್ತುಗಳಿಲ್ಲದೆ ಕಂಗೆಟ್ಟು, ತನ್ನ ಭಾರಿ ಫಿರಂಗಿಗಳನ್ನು ತಾನೇ ನಾಶಪಡಿಸಿ ಬೆಂಗಳೂರಿನತ್ತ ತಿರುಗಿದ. ಹರಿಪಂತ ಹಾಗೂ ಪರಶುರಾಮ ಭಾವು ನೇತೃತ್ವದ ಮರಾಠ ಸೈನ್ಯ ಆಗ ಸಮೀಪದಲ್ಲಿಯೇ ಇತ್ತು. ಟಿಪ್ಪುವಿನ ಸವಾರರು ಪತ್ರ ಒಯ್ಯುವ ದೂತರನ್ನು ದಾರಿಯಲ್ಲಿಯೇ ತಡೆದಿದ್ದರಿಂದ ಒಬ್ಬರ ಸುದ್ದಿ ಇನ್ನೊಬ್ಬರಿಗೆ ತಿಳಿಯಲಿಲ್ಲ. ಮೊದಲ ದಿನದ ನಡಿಗೆಯಲ್ಲಿಯೇ ಎದುರಾದ ಮರಾಠ ಕುದುರೆ ಪಡೆಯನ್ನು ಶತ್ರುಗಳೆಂದು ಭಾವಿಸಿ ಇಂಗ್ಲಿಷರು ಗುಂಡು ಹಾರಿಸಿದರು. ತಪ್ಪು ತಿಳಿದ ಮೇಲೆ ಹಸಿದ ಸಿಪಾಯಿಗಳಿಗೆ ಮರಾಠ ಪಾಳೆಯದ ಬಜಾರಿನಲ್ಲಿ ಧಾನ್ಯ ಸಿಕ್ಕಿತು. ಮಿತ್ರರೆಂದು ಬೆಲೆಯಲ್ಲಿ ರಿಯಾಯಿತಿಯೇನೂ ಇರಲಿಲ್ಲ.

ಬಾದಾಮಿಯಲ್ಲಿ ಜೊತೆಯಾಗಿ ಗೋಡೆ ಹತ್ತಿದ ಪುಣೆ, ಹೈದರಾಬಾದು ಸೈನ್ಯಗಳು 1795ರಲ್ಲಿ ಖರ್ಡಾದಲ್ಲಿ ಪರಸ್ಪರ ಯುದ್ಧಕ್ಕೆ ನಿಂತವು. 1818ರ ಫೆಬ್ರವರಿಯಲ್ಲಿ ಥಾಮಸ್ ಮನ್ರೋ ಬಾದಾಮಿ, ಬಾಗಲಕೋಟೆಗಳನ್ನು ಪೇಶ್ವೆಯಿಂದ ಕಸಿದುಕೊಂಡಾಗ ಕೋಟೆಯ ನೆರವಿಗೆ ಯಾವ ಮಿತ್ರ ಸೈನ್ಯವೂ ಬರಲಿಲ್ಲ.